ಗ್ರೇಟ್ ಲಿನ್‌ಫರ್ಡ್: ಯೋಜಿತ ನಗರದೊಳಗಿನ ಹಳೆಯ ಹಳ್ಳಿ

ಗ್ರೇಟ್ ಲಿನ್‌ಫರ್ಡ್ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ಒಂದು ಪ್ರಾಚೀನ ಹಳ್ಳಿ. ಲಂಡನ್ನಿನ ವಾಯವ್ಯಕ್ಕೆ ಸುಮಾರು 80 ಕಿ.ಮೀ. ದೂರದ ಮಿಲ್ಟನ್ ಕೀನ್ಸ್ ನಗರದ ಉತ್ತರ ಅಂಚಿನಲ್ಲಿ, ಗ್ರೇಟ್ ಊಸ್ ನದಿಯ ದಕ್ಷಿಣಕ್ಕಿದೆ. 1967ರವರೆಗೆ ಇದು ನ್ಯೂಪೋರ್ಟ್ ಪ್ಯಾಗ್ನೆಲ್ ಗ್ರಾಮೀಣ ಜಿಲ್ಲೆಗೆ ಸೇರಿದ, ಹೊಲಗದ್ದೆಗಳ ನಡುವಿನ ಸಣ್ಣ ಊರು. ಆ ವರ್ಷ ಜನವರಿ 23ರಂದು ಬ್ರಿಟಿಷ್ ಸರ್ಕಾರ ಮಿಲ್ಟನ್ ಕೀನ್ಸ್ ಹೊಸ ಪಟ್ಟಣದ ಗಡಿಯನ್ನು ಗೊತ್ತುಪಡಿಸಿದಾಗ ಹಳ್ಳಿ ಆ ಗಡಿಯೊಳಗೆ ಸೇರಿಹೋಯಿತು. ಈಗ ಅದರ ದಕ್ಷಿಣಕ್ಕೆ ವೇಗದ ಹೆದ್ದಾರಿ, ಸುತ್ತಲೂ ಕಳೆದ ಅರ್ಧ ಶತಮಾನದಲ್ಲಿ ಎದ್ದ ಬಡಾವಣೆಗಳು. ನಡುವೆ ಹೈಸ್ಟ್ರೀಟ್, ಹುಲ್ಲು ಹೊದಿಸಿದ ಮನೆಗಳು, ಸುಣ್ಣಕಲ್ಲಿನ ಚರ್ಚು, ಜಮೀನ್ದಾರಿ ಬಂಗಲೆ, ಕೊಳ, ಕಾಲುವೆ ಎಲ್ಲವೂ ಉಳಿದುಕೊಂಡಿವೆ.

ಮಿಲ್ಟನ್ ಕೀನ್ಸ್ ತನ್ನೊಳಗೆ ಸೇರಿಸಿಕೊಂಡದ್ದು ಇದೊಂದನ್ನೇ ಅಲ್ಲ. ಗೊತ್ತುಪಡಿಸಿದ ಸುಮಾರು 8,900 ಹೆಕ್ಟೇರಿನಲ್ಲಿ ಬ್ಲೆಚ್ಲಿ, ವುಲ್ವರ್ಟನ್, ಸ್ಟೋನಿ ಸ್ಟ್ರ್ಯಾಟ್‌ಫರ್ಡ್ ಎಂಬ ಮೂರು ಪಟ್ಟಣಗಳೂ ಹದಿನೈದರಷ್ಟು ಹಳ್ಳಿಗಳೂ ಇದ್ದವು. ಒಟ್ಟು ಜನಸಂಖ್ಯೆ 40,000ದ ಆಸುಪಾಸು. ನಗರ ತನ್ನ ಹೆಸರನ್ನು ಪಡೆದದ್ದೂ ಇವುಗಳಲ್ಲಿ ಒಂದಾದ ಪುಟ್ಟ ಮಿಲ್ಟನ್ ಕೀನ್ಸ್ ಹಳ್ಳಿಯಿಂದ. ಕವಿ ಮಿಲ್ಟನ್ನನಿಗೂ ಈ ಹೆಸರಿಗೂ ಸಂಬಂಧವಿಲ್ಲ. ಕೀನ್ಸ್ ಎಂಬುದು ಮಧ್ಯಯುಗದಲ್ಲಿ ಆ ಹಳ್ಳಿಯನ್ನು ಹೊಂದಿದ್ದ ನಾರ್ಮನ್ ಮನೆತನದ ಹೆಸರು. ಇಷ್ಟು ಹಳ್ಳಿಗಳಿದ್ದರೂ ಲಿನ್‌ಫರ್ಡನ್ನು ಪ್ರತ್ಯೇಕವಾಗಿ ನೋಡಲು ಕಾರಣವಿದೆ. ಇಂಗ್ಲೆಂಡಿನ ಹಳ್ಳಿಯೊಂದರ ಮೇಲೆ ನಾಲ್ಕು ಶತಮಾನಗಳಲ್ಲಿ ಏನೇನು ಹಾದುಹೋಗಬಹುದೋ ಅದೆಲ್ಲ ಇಲ್ಲಿ ಹಾದುಹೋಗಿದೆ, ಪ್ರತಿಯೊಂದೂ ನೆಲದ ಮೇಲೆ ತನ್ನ ಗುರುತು ಬಿಟ್ಟಿದೆ. ಪ್ರತಿ ಬಾರಿಯೂ ಊರಿನ ಹಣೆಬರಹ ನಿರ್ಧಾರವಾದದ್ದು ಆ ಹೊತ್ತಿಗೆ ನೆಲ ಯಾರ ಕೈಯಲ್ಲಿತ್ತು ಎಂಬುದರ ಮೇಲೆ.

ಆರಂಭದ ಇತಿಹಾಸ

1086ರಲ್ಲಿ ದೊರೆ ಒಂದನೇ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಭೂದಾಖಲೆಯಲ್ಲಿ ಲಿನ್‌ಫರ್ಡಿನ ಹೆಸರಿದೆ. ಸಂತ ಆಂಡ್ರ್ಯೂ ಚರ್ಚಿನ ಗೋಪುರ 12ನೆಯ ಶತಮಾನದ್ದು. ಉಳಿದ ಭಾಗಗಳನ್ನು 14ನೆಯ ಮತ್ತು 18ನೆಯ ಶತಮಾನಗಳಲ್ಲಿ ಕಟ್ಟಿ, ಬದಲಿಸಿ, ಮತ್ತೆ ಸರಿಪಡಿಸಿದ್ದಾರೆ. 1980ರಲ್ಲಿ ಚರ್ಚಿನೊಳಗೆ ಅಗೆದು ನೋಡಿದಾಗ ನೆಲದಡಿಯಲ್ಲಿ ಮಧ್ಯಯುಗದ ಚಿತ್ತಾರದ ಹೆಂಚಿನ ಹಾಸು ಸಿಕ್ಕಿತು.

ಹೊಸ ಪಟ್ಟಣ ಬಂದದ್ದರಿಂದ ಹಳ್ಳಿಯ ಇತಿಹಾಸಕ್ಕೆ ಒಂದು ಲಾಭವಾಯಿತೆಂದು ಹೇಳಲೇಬೇಕು. ಕಟ್ಟಡಗಳು ಏಳುವ ಮೊದಲು ನೆಲವನ್ನು ಅಗೆದು ನೋಡಲು, ಹೊಸ ಪಟ್ಟಣವನ್ನು ಕಟ್ಟಲು ಸರ್ಕಾರ ರಚಿಸಿದ ಅಭಿವೃದ್ಧಿ ನಿಗಮ ತನ್ನದೇ ಪುರಾತತ್ವ ತಂಡವನ್ನು ಇಟ್ಟುಕೊಂಡಿತ್ತು. ಆ ತಂಡ 1970ರ ದಶಕದಲ್ಲಿ ಲಿನ್‌ಫರ್ಡಿನ ಪಾಳುಬಿದ್ದ ಮನೆ ನಿವೇಶನಗಳನ್ನು ಅಗೆಯಿತು. ಹಳ್ಳಿ ಒಂದು ಕಾಲಕ್ಕೆ ಈಗಿನದಕ್ಕಿಂತ ಹರಡಿಕೊಂಡಿತ್ತು, ಆಮೇಲೆ ಕುಗ್ಗಿತು ಎಂಬುದಕ್ಕೆ ಮಣ್ಣಿನಲ್ಲೇ ಸಾಕ್ಷಿ ದೊರೆಯಿತು. ಗಾಳಿಗಿರಣಿಯೊಂದರ ತಳದ ಮರದ ತೊಲೆಗಳೂ ಸಿಕ್ಕವು. ಇಡೀ ಗಿರಣಿ ಒಂದೇ ಕಂಬದ ಮೇಲೆ ಕುಳಿತು ಗಾಳಿಯ ದಿಕ್ಕಿಗೆ ತಿರುಗುವಂಥ ರಚನೆ ಅದು. ತೊಲೆಗಳ ಕಾಲ 13ನೆಯ ಶತಮಾನದ ಸುಮಾರಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಗಾಳಿಗಿರಣಿಗಳು ಕಾಣಿಸಿಕೊಳ್ಳತೊಡಗಿದ್ದು 12ನೆಯ ಶತಮಾನದ ಕೊನೆಗೆ. ಹಾಗಾಗಿ ಆ ತೊಲೆಗಳು ಈ ತಂತ್ರದ ತೀರ ಹಳೆಯ ಕುರುಹುಗಳ ಸಾಲಿಗೆ ಸೇರುತ್ತವೆ.

ರಿಚರ್ಡ್ ನೇಪಿಯರ್‌ನ ಕಾಲ

ಲಿನ್‌ಫರ್ಡ್ ಎಂಬ ಹೆಸರನ್ನು ವಿದ್ವತ್ ಲೋಕ ಇಂದು ಬಲ್ಲುದು ಒಬ್ಬ ಪಾದ್ರಿಯ ಮೂಲಕ. ರಿಚರ್ಡ್ ನೇಪಿಯರ್ 1559ರಲ್ಲಿ ಎಕ್ಸೆಟರ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, 1590ರಲ್ಲಿ ಇಲ್ಲಿಗೆ ಪಾದ್ರಿಯಾಗಿ ಬಂದ. 1634ರಲ್ಲಿ ಸಾಯುವವರೆಗೂ ಇಲ್ಲೇ ಇದ್ದ. ಉಪದೇಶ ಮಾಡುವ ಕೆಲಸವನ್ನು ಸಹಾಯಕ ಪಾದ್ರಿಗಳಿಗೆ ಬಿಟ್ಟು ತಾನು ವೈದ್ಯ ಮತ್ತು ಜ್ಯೋತಿಷ್ಯದ ಕಡೆಗೆ ತಿರುಗಿದ. ಲಂಡನ್ನಿನ ಪ್ರಸಿದ್ಧ ಜ್ಯೋತಿಷಿ ವೈದ್ಯ ಸೈಮನ್ ಫೋರ್ಮನ್ ಅವನ ಗುರು.

ನೇಪಿಯರ್‌ನ ಪದ್ಧತಿ ನಮ್ಮಲ್ಲಿನ ಪ್ರಶ್ನಶಾಸ್ತ್ರದಂತೆಯೇ ಇತ್ತು: ಹುಟ್ಟಿದ ಜಾತಕಕ್ಕಿಂತ ಹೆಚ್ಚಾಗಿ ರೋಗಿ ಬಂದು ಪ್ರಶ್ನೆ ಕೇಳಿದ ಗಳಿಗೆಗೆ ಕುಂಡಲಿ ಹಾಕುವುದು. ರೋಗಿಗಳ ಬಗ್ಗೆ ಅವನು ಬರೆದಿಟ್ಟ ದಪ್ಪ ಪುಸ್ತಕಗಳಲ್ಲಿ ಒಂದೊಂದು ಪ್ರಕರಣವೂ ಸರಿಸುಮಾರು ಒಂದೇ ಕ್ರಮದಲ್ಲಿದೆ. ಮೇಲೆ ರೋಗಿಯ ಹೆಸರು, ವಯಸ್ಸು, ಊರು. ಬಂದ ದಿನ, ಗಂಟೆ. ಕೆಳಗೆ ಚೌಕಟ್ಟಿನ ಕುಂಡಲಿಯಲ್ಲಿ ಗ್ರಹಗಳು. ಪಕ್ಕದಲ್ಲಿ ಒತ್ತೊತ್ತಾಗಿ ಗೀಚಿದ ಅಕ್ಷರದಲ್ಲಿ ರೋಗಿ ಹೇಳಿಕೊಂಡ ಕಷ್ಟ. ಕೊನೆಗೆ ಕೊಟ್ಟ ಮದ್ದು. ಭೇದಿಗೆ ಕೊಡುವುದು, ರಕ್ತ ತೆಗೆಯುವುದು, ತಾಯಿತ ಕಟ್ಟಿಸುವುದು, ಪ್ರಾರ್ಥನೆ ಇವು ಅವನ ಚಿಕಿತ್ಸೆಗಳು. ಹತ್ತಿರದ ಹಳ್ಳಿಯ ಆಳುಮಕ್ಕಳೂ ಬರುತ್ತಿದ್ದರು, ಗಾಡಿಯಲ್ಲಿ ದೂರದಿಂದ ಶ್ರೀಮಂತರೂ ಬರುತ್ತಿದ್ದರು. ಬಕಿಂಗ್‌ಹ್ಯಾಮ್‌ಶೈರ್, ಬೆಡ್‌ಫರ್ಡ್‌ಶೈರ್, ನಾರ್ಥಾಂಪ್ಟನ್‌ಶೈರ್‌ಗಳ ಜನರಿಗೆ ಲಿನ್‌ಫರ್ಡಿನ ಪಾದ್ರಿಮನೆ ಒಂದು ಆಸ್ಪತ್ರೆಯೇ ಆಗಿತ್ತು.

ಈ ಪುಸ್ತಕಗಳು ನೇಪಿಯರ್‌ನ ಸೋದರಳಿಯ ಸರ್ ರಿಚರ್ಡ್ ನೇಪಿಯರ್ ಮನೆತನದ ಮೂಲಕ ಸಂಗ್ರಾಹಕ ಇಲಿಯಾಸ್ ಆಶ್ಮೋಲ್‌ನ ಕೈಸೇರಿ, ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ. ಇತಿಹಾಸಕಾರ ಮೈಕೆಲ್ ಮ್ಯಾಕ್‌ಡೊನಾಲ್ಡ್ ಇವುಗಳಲ್ಲಿ ಮನಸ್ಸಿನ ಬೇನೆಗಾಗಿ ಬಂದ 2,000ಕ್ಕೂ ಹೆಚ್ಚು ಜನರ ಪ್ರಕರಣಗಳನ್ನು ಹೆಕ್ಕಿ, 1981ರಲ್ಲಿ 'ಮಿಸ್ಟಿಕಲ್ ಬೆಡ್ಲಂ' ಎಂಬ ಪುಸ್ತಕ ಬರೆದರು. ಪ್ರೇಮ ಮುರಿದುಬಿದ್ದ ಹುಡುಗಿ, ಮಗುವನ್ನು ಕಳೆದುಕೊಂಡ ತಾಯಿ, ಗಂಡನ ಕಾಟ ತಾಳದ ಹೆಂಡತಿ, ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟವನು ಇಂಥವರೇ ಆ ಪಟ್ಟಿಯಲ್ಲಿ ಎದ್ದು ಕಾಣುವವರು. 17ನೆಯ ಶತಮಾನದ ಇಂಗ್ಲೆಂಡಿನ ಬಡಜನರ ದುಃಖ ಅವರದೇ ಮಾತಿಗೆ ಇಷ್ಟು ಹತ್ತಿರವಾಗಿ ದಾಖಲಾದ ಇನ್ನೊಂದು ಜಾಗ ಸಿಗುವುದು ಕಷ್ಟ. ಅರಮನೆಯ ಕಾಗದಪತ್ರ ಎಲ್ಲ ದೇಶಗಳಲ್ಲೂ ಉಳಿಯುತ್ತದೆ. ಹಾಲು ಕರೆಯುವವಳ ತಲೆನೋವು ಬರಹಕ್ಕೆ ಇಳಿದು ಉಳಿಯುವುದು ಅಪರೂಪ. ಫೋರ್ಮನ್ ಮತ್ತು ನೇಪಿಯರ್ ಇಬ್ಬರವೂ ಸೇರಿ ಸುಮಾರು 80,000 ಪ್ರಕರಣಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಯೋಜನೆಯೊಂದು ಈಗ ಡಿಜಿಟಲ್ ರೂಪಕ್ಕೆ ತಂದು ಎಲ್ಲರ ಓದಿಗೂ ತೆರೆದಿಟ್ಟಿದೆ.

ಬೇಲಿ, ಬಂಗಲೆ, ಬಡವರ ಮನೆ

ಅದೇ ನೇಪಿಯರ್ ಮನೆತನ ಲಿನ್‌ಫರ್ಡಿನ ಜಹಗೀರಿನ ಒಡೆತನ ಹೊಂದಿದ್ದಾಗ ಹಳ್ಳಿಗೆ ದೊಡ್ಡ ಪೆಟ್ಟು ಬಿತ್ತು. ಅಲ್ಲಿಯವರೆಗೆ ಲಿನ್‌ಫರ್ಡಿನ ಸಾಗುವಳಿ ಬಯಲು ಹೊಲದ ಪದ್ಧತಿಯಲ್ಲಿತ್ತು. ವಿಶಾಲವಾದ ಹೊಲಗಳಲ್ಲಿ ಒಬ್ಬೊಬ್ಬ ರೈತನಿಗೂ ಅಲ್ಲಲ್ಲಿ ಚದುರಿದ ಉದ್ದನೆಯ ಪಟ್ಟಿಗಳು; ಸುಗ್ಗಿಯಾದ ಮೇಲೆ ಎಲ್ಲರ ದನಕುರಿಗಳೂ ಒಟ್ಟಿಗೆ ಮೇಯುವ ಹಕ್ಕು. 1658ರಲ್ಲಿ ಒಡೆಯ ಮತ್ತು ದೊಡ್ಡ ಹಿಡುವಳಿದಾರರು ಒಪ್ಪಂದ ಮಾಡಿಕೊಂಡು ಈ ಬಯಲನ್ನು ಹಂಚಿ ಬೇಲಿ ಹಾಕಿದರು. ಪಾರ್ಲಿಮೆಂಟಿನ ಕಾಯ್ದೆಗಳ ಮೂಲಕ ಬೇಲಿ ಹಾಕುವುದು ದೇಶದ ತುಂಬ ಹಬ್ಬಿದ್ದು ಮುಂದಿನ ಶತಮಾನದಲ್ಲಿ; ಲಿನ್‌ಫರ್ಡಿನಲ್ಲಿ ಅದು ನೂರು ವರ್ಷ ಮೊದಲೇ ಮುಗಿದಿತ್ತು. ಉಳುಮೆಯ ನೆಲ ಹುಲ್ಲುಗಾವಲಾಯಿತು. ಹುಲ್ಲುಗಾವಲಿಗೆ ಹೆಚ್ಚು ಆಳು ಬೇಡ. ಪುರಾತತ್ವ ತಂಡ ಮೂರು ಶತಮಾನಗಳ ಬಳಿಕ ಅಗೆದ ಪಾಳು ನಿವೇಶನಗಳ ಹಿಂದಿನ ಕಥೆಯ ಒಂದು ದೊಡ್ಡ ಭಾಗ ಇದು. ಇದೇ ಸುತ್ತಿನ ಸ್ಟ್ಯಾಂಟನ್‌ಬರಿಯ ಹಳೆಯ ಹಳ್ಳಿಯಂತೂ ಸಂಪೂರ್ಣ ಅಳಿದು, ಚರ್ಚಿನ ಮುರುಕು ಗೋಡೆಗಳಷ್ಟೇ ಉಳಿದಿವೆ. ಮಿಲ್ಟನ್ ಕೀನ್ಸ್ ಬಂದು ನೆಮ್ಮದಿಯ ಹಳ್ಳಿಗಳನ್ನು ಮೊದಲ ಬಾರಿಗೆ ಕದಡಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಹೊಲಗಳ ಚರಿತ್ರೆ ಅದನ್ನು ಒಪ್ಪುವುದಿಲ್ಲ.

1678ರಲ್ಲಿ ಜಹಗೀರನ್ನು ಸರ್ ವಿಲಿಯಂ ಪ್ರಿಚರ್ಡ್ ಕೊಂಡುಕೊಂಡ. ಲಂಡನ್ನಿನ ಶ್ರೀಮಂತ ವ್ಯಾಪಾರಿ. 1682–83ರಲ್ಲಿ ಆ ನಗರದ ಮೇಯರ್ ಆಗಿದ್ದವನು. ಹಳೆಯ ಬಂಗಲೆಯ ಬದಲಿಗೆ ಹೊಸದನ್ನು ಕಟ್ಟಿಸಿದ. ಅದರ ಹತ್ತಿರವೇ ಅವನು ಕಟ್ಟಿಸಿದ ಬಡವರ ವಸತಿಸಾಲು ಇಂದಿಗೂ ಊರಿನ ಅತ್ಯಂತ ಸೊಗಸಾದ ಕಟ್ಟಡ ಎನ್ನಬಹುದು. ನಡುವೆ ಎತ್ತರದ ಶಾಲಾಮನೆ, ಅದರ ನೆತ್ತಿಗೆ ಡಚ್ ಶೈಲಿಯಲ್ಲಿ ಬಾಗಿ ಬಳುಕಿದ ಇಟ್ಟಿಗೆಯ ತ್ರಿಕೋನ ಮುಖ. ಎರಡೂ ಬದಿಗೆ ಗಿಡ್ಡ ಛಾವಣಿಯ ಪುಟ್ಟ ಮನೆಗಳು, ಒಟ್ಟು ಆರು. ಇಡೀ ಸಾಲು ಬಂಗಲೆಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬೀಳುವ ಹಾಗೆ ಕೂತಿದೆ. ದಾನಿಯ ಹೆಸರು ಬರುವವರಿಗೆಲ್ಲ ತಿಳಿಯಲಿ ಎಂಬ ಉದ್ದೇಶ ಅದರಲ್ಲಿ ಇದ್ದೇ ಇತ್ತು. ಆದರೂ ಬಡಮಕ್ಕಳ ಶಾಲೆಗೆ ಊರಿನ ಮುಖ್ಯ ಜಾಗವನ್ನೇ ಕೊಟ್ಟದ್ದು ಸಣ್ಣ ಮಾತಲ್ಲ.

ಪ್ರಿಚರ್ಡ್ 1705ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ಸಂಬಂಧಿಕರ ಮೂಲಕ ಉತ್ವಾಟ್ ಮನೆತನಕ್ಕೆ ಬಂದು, 20ನೆಯ ಶತಮಾನದವರೆಗೂ ಅವರ ಕೈಯಲ್ಲಿತ್ತು. 18ನೆಯ ಶತಮಾನದಲ್ಲಿ ಅವರು ಬಂಗಲೆಯನ್ನು ಹಿಗ್ಗಿಸಿ, ಸುತ್ತಲಿನ ತೋಟವನ್ನು ಕೊಳ, ತೋಪು, ಇಳಿಜಾರು ಹುಲ್ಲುಹಾಸುಗಳ ಉದ್ಯಾನವಾಗಿ ಮಾರ್ಪಡಿಸಿದರು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾಗದು. ಈ ಮನೆತನದ ಕವಲಿನಿಂದ ಬಂದವರು ನ್ಯಾಯಾಧೀಶ ಆಗಸ್ಟಸ್ ಉತ್ವಾಟ್ (1879–1949). ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಬಾಂಬು ಬಿದ್ದ ನಗರಗಳನ್ನು ಮತ್ತೆ ಕಟ್ಟುವಾಗ ಜಮೀನಿನ ಬೆಲೆ, ಪರಿಹಾರ, ಯೋಜನೆಯಿಂದ ಏರುವ ಮೌಲ್ಯ ಇವುಗಳ ಲೆಕ್ಕ ಹೇಗಿರಬೇಕೆಂದು ಹೇಳಲು ಸರ್ಕಾರ ಒಂದು ತಜ್ಞ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ಉತ್ವಾಟ್. 1942ರ ವರದಿಯಲ್ಲಿ ಸಮಿತಿ, ಕಟ್ಟಡವಿಲ್ಲದ ಬಯಲು ನೆಲದ ಮೇಲೆ ಕಟ್ಟುವ ಹಕ್ಕು ಸರ್ಕಾರದ ಪಾಲಾಗಬೇಕು ಎಂದಿತು. ಸಮಾಜ ರಸ್ತೆ, ರೈಲು, ನೀರು ತಂದಾಗ ಏರುವ ಬೆಲೆ ಒಡೆಯನೊಬ್ಬನ ಗಳಿಕೆಯಾಗಬಾರದು ಎಂಬುದು ಅದರ ವಾದ. ವರದಿಯ ಎಲ್ಲ ಶಿಫಾರಸುಗಳೂ ಜಾರಿಗೆ ಬರಲಿಲ್ಲ. ಆದರೆ 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಕಟ್ಟುವ ಹಕ್ಕನ್ನು ರಾಷ್ಟ್ರೀಕರಿಸಿದ್ದು ಈ ಚಿಂತನೆಯ ಬಲದ ಮೇಲೆಯೇ. ಜಮೀನ್ದಾರ ಕುಟುಂಬವೊಂದರ ಮಗ ಜಮೀನಿನಿಂದ ಬರುವ ಅನಾಯಾಸ ಲಾಭದ ವಿರುದ್ಧ ಇಷ್ಟು ಖಚಿತವಾಗಿ ಬರೆದದ್ದು ಗೌರವಕ್ಕೆ ತಕ್ಕ ಸಂಗತಿ. ಇಪ್ಪತ್ತೈದು ವರ್ಷಗಳ ಬಳಿಕ ಅದೇ ಚಿಂತನೆ ಲಿನ್‌ಫರ್ಡಿನ ಹೊಲಗಳಿಗೇ ಬಂತು.

ಕಾಲುವೆ ಮತ್ತು ರೈಲು

ಲಂಡನ್ನಿಗೂ ಇಂಗ್ಲೆಂಡಿನ ನಡುನಾಡಿಗೂ ಸರಕು ಸಾಗಿಸಲು ತೋಡಿದ ಗ್ರ್ಯಾಂಡ್ ಜಂಕ್ಷನ್ ಕಾಲುವೆ 1800ರಲ್ಲಿ ಇಲ್ಲಿ ಹಾದುಹೋಯಿತು. ಅದು ಬಂಗಲೆಯ ಉದ್ಯಾನವನ್ನೇ ಸೀಳಿಕೊಂಡು, ಚರ್ಚಿನ ಮಗ್ಗುಲಲ್ಲಿ ಹರಿಯುತ್ತದೆ. ಕಲ್ಲಿದ್ದಲು ಅಗ್ಗವಾಯಿತು, ದಕ್ಕೆಯ ಹತ್ತಿರ ಹೆಂಡದಂಗಡಿ ಬಂತು, ಕಾಲುವೆಯ ದಂಡೆಯಲ್ಲಿ ಇಟ್ಟಿಗೆ ಸುಡುವ ಕೆಲಸ ಶುರುವಾಯಿತು. ಸೀಸೆಯ ಆಕಾರದ ಆ ಗೂಡುಗಳು ಈಗಲೂ ನಿಂತಿವೆ. 1817ರಲ್ಲಿ ಲಿನ್‌ಫರ್ಡಿನಿಂದ ನ್ಯೂಪೋರ್ಟ್ ಪ್ಯಾಗ್ನೆಲ್‌ಗೆ ಒಂದು ಕವಲು ಕಾಲುವೆಯನ್ನೂ ತೋಡಿದರು.

ಅರ್ಧ ಶತಮಾನ ಕಳೆಯುವುದರೊಳಗೆ ರೈಲು ಬಂತು. 1838ರ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುಮಾರ್ಗ ಹತ್ತಿರದ ವುಲ್ವರ್ಟನ್ನನ್ನು ರೈಲ್ವೆ ಕಾರ್ಖಾನೆಯ ಊರಾಗಿ ಬದಲಿಸಿತು. ಕಂಪನಿ ತನ್ನ ಕೆಲಸಗಾರರಿಗಾಗಿ ಬೀದಿ, ಮನೆ, ಶಾಲೆಗಳನ್ನು ಗೆರೆ ಎಳೆದು ಕಟ್ಟಿದ ವುಲ್ವರ್ಟನ್ ಈ ಪ್ರದೇಶದ ಮೊದಲ ಯೋಜಿತ ಪಟ್ಟಣ. ಮಿಲ್ಟನ್ ಕೀನ್ಸ್ ಬಂದದ್ದು ಅದಾಗಿ ಸುಮಾರು ನೂರಮೂವತ್ತು ವರ್ಷಗಳ ಮೇಲೆ. ಕವಲು ಕಾಲುವೆ 1864ರಲ್ಲಿ ಮುಚ್ಚಿತು, ಅದರ ಬದಲಿಗೆ ವುಲ್ವರ್ಟನ್ನಿನಿಂದ ನ್ಯೂಪೋರ್ಟ್ ಪ್ಯಾಗ್ನೆಲ್‌ಗೆ ಶಾಖಾ ರೈಲು ಓಡತೊಡಗಿತು. ಲಿನ್‌ಫರ್ಡಿಗೂ ನಿಲ್ದಾಣವಿತ್ತು. ಹಳ್ಳಿಯ ಗಂಡಸರಿಗೆ ಹೊಲದ ಕೂಲಿಯ ಜೊತೆಗೆ ಕಾರ್ಖಾನೆಯ ಸಂಬಳವೂ ದೊರೆಯುವಂತಾಯಿತು. 1964ರಲ್ಲಿ ಈ ಸಾಲಿನ ಪ್ರಯಾಣಿಕರ ರೈಲು ನಿಂತಿತು. ಹೀಗೆ ಹೊಸ ಪಟ್ಟಣದ ನಕ್ಷೆ ಬರುವ ಮೂರು ವರ್ಷ ಮೊದಲೇ ಹಳ್ಳಿ ತನ್ನ ರೈಲನ್ನು ಕಳೆದುಕೊಂಡಿತ್ತು.

ಹೊಸ ಪಟ್ಟಣ

ಲಂಡನ್ನಿನ ಜನದಟ್ಟಣೆ ತಗ್ಗಿಸಲು ಬ್ರಿಟನ್ 1946ರಲ್ಲಿ ಹೊಸ ಪಟ್ಟಣಗಳ ಕಾಯ್ದೆ ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಗೊತ್ತುಪಡಿಸಿದ ಸ್ಟೀವನೇಜ್ ಮೊದಲನೆಯದು. ಅಲ್ಲಿನ ಹಳೆಯ ಊರಿನವರು ಸಚಿವ ಲೂಯಿಸ್ ಸಿಲ್ಕಿನ್ ಬಂದಾಗ ಗಲಾಟೆ ಮಾಡಿದರು, ನಿಲ್ದಾಣದ ಫಲಕದ ಮೇಲೆ ಸ್ಟಾಲಿನ್‌ಗ್ರಾಡ್ ನೆನಪಾಗುವಂತೆ 'ಸಿಲ್ಕಿನ್‌ಗ್ರಾಡ್' ಎಂದು ಬರೆದರು, ಮೊಕದ್ದಮೆಯನ್ನು ಹೌಸ್ ಆಫ್ ಲಾರ್ಡ್ಸ್‌ವರೆಗೆ ಒಯ್ದು ಸೋತರು. ಹಾರ್ಲೋ, ಕ್ರಾಲಿ, ಹೆಮೆಲ್ ಹೆಂಪ್‌ಸ್ಟೆಡ್ ಮುಂತಾದ ಕಡೆಗಳಲ್ಲೂ ಹಳೆಯ ಊರುಗಳು ಹೊಸದರ ಹೊಟ್ಟೆಗೆ ಸೇರಿದವು. ಸಾಮಾನ್ಯವಾಗಿ ಹೊಸ ಪಟ್ಟಣಕ್ಕೆ ಹೊಸ ಪೇಟೆ. ಹಳೆಯ ಪೇಟೆಬೀದಿ ಒಂದು ಮೂಲೆಯಲ್ಲಿ 'ಓಲ್ಡ್ ಟೌನ್' ಆಗಿ ಉಳಿಯುವುದು.

ಮಿಲ್ಟನ್ ಕೀನ್ಸ್ ಎರಡು ದಶಕ ತಡವಾಗಿ, ಅವೆಲ್ಲಕ್ಕಿಂತ ದೊಡ್ಡದಾಗಿ ಬಂತು. ಗುರಿ 2,50,000 ಜನ. ಕೌಂಟಿಯ ವಾಸ್ತುಶಿಲ್ಪಿ ಫ್ರೆಡ್ ಪೂಲಿ ಮೊದಲು ಮಾನೊರೈಲಿನ ಸುತ್ತ ಕಟ್ಟಿದ ನಗರದ ಕನಸು ಮುಂದಿಟ್ಟಿದ್ದರು. ಸರ್ಕಾರ ಅದನ್ನು ಕೈಬಿಟ್ಟು, ಲಾರ್ಡ್ ಕ್ಯಾಂಬೆಲ್ ಆಫ್ ಎಸ್ಕನ್ ಅವರ ಅಧ್ಯಕ್ಷತೆಯಲ್ಲಿ ಅಭಿವೃದ್ಧಿ ನಿಗಮವನ್ನು ರಚಿಸಿತು. ಲುವೆಲಿನ್-ಡೇವಿಸ್ ಮತ್ತು ಜೊತೆಗಾರರು ಸಿದ್ಧಪಡಿಸಿದ ಯೋಜನೆ 1970ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡೆರೆಕ್ ವಾಕರ್ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು.

ನಿಗಮದ ಬಲ ಇದ್ದದ್ದು ಭೂಸ್ವಾಧೀನದಲ್ಲಿ. ಹೊಸ ಪಟ್ಟಣ ಬರುತ್ತದೆಂಬ ಕಾರಣಕ್ಕೇ ಏರಿದ ಬೆಲೆಯನ್ನು ಪರಿಹಾರದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬುದು 1961ರ ಭೂಪರಿಹಾರ ಕಾಯ್ದೆಯ ನಿಯಮ. ಆದ್ದರಿಂದ ಹೊಲಗಳು ಹೆಚ್ಚುಕಡಿಮೆ ಹೊಲದ ಬೆಲೆಗೇ ನಿಗಮದ ಕೈಸೇರಿದವು. ತಲೆಮಾರುಗಳಿಂದ ಉತ್ತು ಬಂದ ರೈತರಿಗೆ ಇದು ಅನ್ಯಾಯವಾಗಿ ಕಂಡಿತು, ಅವರ ಸಿಟ್ಟಿಗೆ ಕಾರಣವಿತ್ತು. ಗೊತ್ತುಪಡಿಸುವ ಮೊದಲು ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ಬಲವಾದ ವಿರೋಧ ವ್ಯಕ್ತವಾಗಿ, ಮೊದಲು ಗುರುತಿಸಿದ್ದ ಪ್ರದೇಶವನ್ನು ಸರ್ಕಾರ ಕಡಿತಗೊಳಿಸಬೇಕಾಯಿತು. ಇನ್ನೊಂದು ಕಡೆ, ಹೊಲ ನಿವೇಶನವಾದಾಗ ಏರಿದ ಬೆಲೆ ನಿಗಮಕ್ಕೆ ಸಿಕ್ಕಿತು. ರಸ್ತೆ, ಕೆರೆ, ಕಾಡು, ಶಾಲೆಗಳಿಗೆ ಅದು ನೆರವಾಯಿತು.

ಚೌಕಗಳ ನಡುವೆ ಹಳ್ಳಿ

ಮಿಲ್ಟನ್ ಕೀನ್ಸ್‌ನ ಮುಖ್ಯ ರಸ್ತೆಗಳು ಸುಮಾರು ಒಂದೊಂದು ಕಿ.ಮೀ. ಅಂತರದಲ್ಲಿ ಒಂದನ್ನೊಂದು ಹಾದು ಚೌಕಗಳನ್ನು ಮಾಡುತ್ತವೆ. ಅಡ್ಡ ರಸ್ತೆಗಳಿಗೆ ಎಚ್1ರಿಂದ ಎಚ್10, ಉದ್ದ ರಸ್ತೆಗಳಿಗೆ ವಿ1ರಿಂದ ವಿ11 ಎಂಬ ಸಂಖ್ಯೆ. ಈ ಗೆರೆಗಳು ಕಾಗದದ ಮೇಲೆ ಎಳೆದಷ್ಟು ನೇರವಾಗಿಲ್ಲ. ನೆಲದ ಏರಿಳಿತವನ್ನು, ಇದ್ದ ಊರುಗಳನ್ನು ನೋಡಿಕೊಂಡು ಬಾಗುತ್ತವೆ. ರಸ್ತೆಯ ಎರಡೂ ಬದಿಗೆ ಅಗಲವಾದ ಮರಗಳ ಪಟ್ಟಿ, ಮನೆಗಳು ಅದರಾಚೆ. ಲಿನ್‌ಫರ್ಡಿನ ದಕ್ಷಿಣಕ್ಕೆ ಹಾಯುವ ಎಚ್3ರ ಹೆಸರು ಮಂಕ್ಸ್ ವೇ. ಹತ್ತಿರದ ಬ್ರ್ಯಾಡ್ವೆಲ್ ಮಠದ ಸನ್ಯಾಸಿಗಳ ನೆನಪು ಅದರಲ್ಲಿದೆ.

ಹಳ್ಳಿ ಉಳಿದದ್ದರ ನಿಜವಾದ ಕಾರಣ ಈ ರಸ್ತೆಗಳೇ. ವಾಹನಗಳ ಹೊಳೆ ಚೌಕದ ಅಂಚಿನಲ್ಲಿ ಹರಿಯುತ್ತದೆ, ಒಳಗೆ ನುಗ್ಗುವುದಿಲ್ಲ. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಯಾವ ಹೊಸ ಪಟ್ಟಣವೂ ಬಾರದಿದ್ದರೂ ಹೈಸ್ಟ್ರೀಟೇ ಹೆದ್ದಾರಿಯಾಗಿ, ಲಾರಿಗಳು ಗೋಡೆ ಸವರಿಕೊಂಡು ಓಡುತ್ತವೆ. ಲಿನ್‌ಫರ್ಡಿನ ಹೈಸ್ಟ್ರೀಟಿನಲ್ಲಿ ನಾಯಿ ಹಿಡಿದುಕೊಂಡು ನಡುರಸ್ತೆಯಲ್ಲೇ ನಡೆದುಹೋಗಬಹುದು. ಹುಲ್ಲು ಛಾವಣಿಯ ಕೆಳಗಿನ ಪುಟ್ಟ ಕಿಟಕಿಗಳು, ಬಂಗಲೆಯ ಕಾಂಪೌಂಡಿನ ಕಲ್ಲುಗೋಡೆ, ನ್ಯಾಗ್ಸ್ ಹೆಡ್ ಎಂಬ ಹಳೆಯ ಪಬ್ಬು ಎಲ್ಲವೂ ನಡಿಗೆಯ ವೇಗಕ್ಕೆ ಹೊಂದುವ ಅಳತೆಯಲ್ಲಿವೆ.

ಮುಚ್ಚಿದ ಶಾಖಾ ರೈಲಿನ ದಾರಿಯನ್ನು ನಿಗಮ ವ್ಯರ್ಥ ಮಾಡಲಿಲ್ಲ. ಹಳಿ ಕಿತ್ತ ಆ ನೆಲ ರೆಡ್‌ವೇ ಜಾಲಕ್ಕೆ ಸೇರಿತು. ಕೆಂಪು ಡಾಂಬರು ಹಾಸಿದ, ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಮೀಸಲಾದ ಈ ದಾರಿಗಳು ಮಿಲ್ಟನ್ ಕೀನ್ಸ್ ತುಂಬ ಹಬ್ಬಿವೆ. ದೊಡ್ಡ ರಸ್ತೆ ಎದುರಾದಲ್ಲಿ ಅದರ ಕೆಳಗೆ ಇಲ್ಲವೇ ಮೇಲೆ ಹಾಯುತ್ತವೆ. ಹಳೆಯ ಲಿನ್‌ಫರ್ಡ್ ನಿಲ್ದಾಣದ ಪ್ಲ್ಯಾಟ್‌ಫಾರಂ ಹಾಗೇ ಇದೆ, ಶಾಲೆಯ ಮಕ್ಕಳು ಅದರ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಹೋಗುತ್ತಾರೆ.

ಹಳ್ಳಿಯ ಆಸುಪಾಸಿನಲ್ಲಿ ನೀತ್ ಹಿಲ್, ಪೆನ್ನಿಲ್ಯಾಂಡ್, ಗಿಫರ್ಡ್ ಪಾರ್ಕ್ ಮುಂತಾದ ಬಡಾವಣೆಗಳು ಎದ್ದವು. ಇವುಗಳಲ್ಲಿ ಒಂದು ಪ್ರಯೋಗ ಬ್ರಿಟನ್ನಿನ ವಸತಿ ಚರಿತ್ರೆಗೆ ಮುಖ್ಯವಾದದ್ದು. 1973ರ ತೈಲ ಬಿಕ್ಕಟ್ಟಿನ ನಂತರ ನಿಗಮ ಮತ್ತು ಓಪನ್ ಯೂನಿವರ್ಸಿಟಿ ಸೇರಿ, ಮನೆಯನ್ನು ಕಡಿಮೆ ಇಂಧನದಲ್ಲಿ ಬೆಚ್ಚಗಿಡುವುದು ಹೇಗೆಂದು ಪೆನ್ನಿಲ್ಯಾಂಡಿನ 177 ಮನೆಗಳಲ್ಲೂ ಲಿನ್‌ಫರ್ಡಿನ 8 ಮನೆಗಳಲ್ಲೂ ಅಳೆದು ನೋಡಿದವು. ದೊಡ್ಡ ಕಿಟಕಿಗಳನ್ನು ಬಿಸಿಲು ಬರುವ ದಕ್ಷಿಣಕ್ಕೆ ತಿರುಗಿಸುವುದು, ಗೋಡೆ ಮತ್ತು ಛಾವಣಿಗೆ ದಪ್ಪನೆಯ ಉಷ್ಣರೋಧಕ ತುಂಬುವುದು, ಗಾಳಿ ಸೋರುವ ಸಂದುಗಳನ್ನು ಮುಚ್ಚುವುದು. ಆಮೇಲೆ ಜನ ವಾಸ ಮಾಡುತ್ತಿರುವಾಗಲೇ ಇಂಧನದ ಖರ್ಚನ್ನು ಲೆಕ್ಕ ಹಾಕುವುದು. ಇಲ್ಲಿ ಕಲಿತದ್ದು ಮಿಲ್ಟನ್ ಕೀನ್ಸ್‌ನ ಇಂಧನ ಸೂಚ್ಯಂಕಕ್ಕೂ, ಅಲ್ಲಿಂದ ಮುಂದೆ ಬ್ರಿಟನ್ನಿನ ಮನೆಗಳಿಗೆ ಅಂಕ ಕೊಡುವ ಪದ್ಧತಿಗೂ ದಾರಿ ಮಾಡಿತು.

ಬಂಗಲೆ ಮತ್ತು ಅದರ ಆವರಣ ನಿಗಮದ ಪಾಲಾದ ಮೇಲೆ ಬಡವರ ವಸತಿಸಾಲು, ಶಾಲಾಮನೆ, ಕಣಜಗಳಲ್ಲಿ ಕಲಾಕೇಂದ್ರ ಶುರುವಾಯಿತು. ಬಂಗಲೆ 1980ರ ದಶಕದಲ್ಲಿ ಸಂಗೀತದ ಧ್ವನಿಮುದ್ರಣ ಸ್ಟುಡಿಯೋ ಆಯಿತು. ಚರ್ಚು ಸ್ಟ್ಯಾಂಟನ್‌ಬರಿ ಸಹಭಾಗಿತ್ವಕ್ಕೆ ಸೇರಿತು. ಅದರಲ್ಲಿ ಆಂಗ್ಲಿಕನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಒಟ್ಟಾಗಿ ಹಲವು ಚರ್ಚುಗಳನ್ನು ನಡೆಸುತ್ತವೆ. ಬೇರೆಬೇರೆ ಊರುಗಳಿಂದ ಬಂದು ನೆಲೆಸಿದ ಜನಕ್ಕೆ ಪಂಗಡಕ್ಕೊಂದು ಹೊಸ ಚರ್ಚು ಕಟ್ಟುವುದು ಸಾಧ್ಯವಿರಲಿಲ್ಲ; ಅದರಿಂದ ಹುಟ್ಟಿದ ಈ ಏರ್ಪಾಡು ಈಗ ಮಿಲ್ಟನ್ ಕೀನ್ಸ್‌ನ ಧಾರ್ಮಿಕ ಬದುಕಿನ ವಿಶೇಷವಾಗಿದೆ. ಊಸ್ ದಂಡೆಯಲ್ಲಿ ಜಲ್ಲಿ ತೆಗೆದ ಗುಂಡಿಗಳು ನೀರು ತುಂಬಿ ಕೆರೆಗಳಾಗಿ, ಚಳಿಗಾಲದ ಬಾತುಗಳಿಗೆ ನೆಲೆಯಾಗಿವೆ.

ಕಳೆದುಹೋದದ್ದನ್ನೂ ಹೇಳಬೇಕು. ಹಳ್ಳಿಯ ಕಟ್ಟಡ ಉಳಿಯಿತು, ಕಸುಬು ಉಳಿಯಲಿಲ್ಲ. ಉತ್ತರ ಬಕಿಂಗ್‌ಹ್ಯಾಮ್‌ಶೈರ್‌ನ ಮನೆಮನೆಯಲ್ಲಿ ಹೆಂಗಸರು ಕಡ್ಡಿಗಳಿಗೆ ನೂಲು ಸುತ್ತಿ ಹೆಣೆಯುತ್ತಿದ್ದ ಲೇಸು ಯಂತ್ರದ ಕಾಲದಲ್ಲೇ ಸೊರಗಿತ್ತು. ಇಟ್ಟಿಗೆಗೂಡುಗಳು ಆರಿ ನೂರು ವರ್ಷ ದಾಟಿದೆ. ಬೇಸಾಯ ಮಾತ್ರ ಹೊಸ ಪಟ್ಟಣದೊಂದಿಗೇ ಮುಗಿಯಿತು. ಕೂಲಿಯವರ ಕುಟುಂಬಗಳು ಉಸಿರುಕಟ್ಟಿ ಬಾಳಿದ್ದ ಹುಲ್ಲುಮನೆಗಳನ್ನು ಇಂದು ಕೊಳ್ಳಬಲ್ಲವರು ಒಳ್ಳೆಯ ಸಂಬಳದವರು ಮಾತ್ರ. ಹಳೆಯ ಊರಿಗೂ ಹೊಸ ಬಡಾವಣೆಗೂ ನಡುವಿನ ಅಂತರ ಈ ನಗರದ ಬೇರೆ ಕಡೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದಕ್ಷಿಣದ ವುಫ್ಟನ್ ಆನ್ ದ ಗ್ರೀನ್ ಹಳ್ಳಿಯ ಸುತ್ತ ನಿಗಮ 1970ರ ದಶಕದಲ್ಲಿ ನೆದರ್‌ಫೀಲ್ಡ್, ಬೀನ್‌ಹಿಲ್ ಮುಂತಾದ ಬಾಡಿಗೆ ವಸತಿಗಳನ್ನು ಅವಸರದಲ್ಲಿ ಕಟ್ಟಿತು. ನಾರ್ಮನ್ ಫಾಸ್ಟರ್ ವಿನ್ಯಾಸದ ಬೀನ್‌ಹಿಲ್ ಮನೆಗಳ ಚಪ್ಪಟೆ ಛಾವಣಿ ಸೋರಿ, ಮುಂದೆ ಇಳಿಜಾರು ಛಾವಣಿ ಹೊದಿಸಬೇಕಾಯಿತು. 2012ರಲ್ಲಿ ಹಳೆಯ ಹಳ್ಳಿ ಆ ಬಡಾವಣೆಗಳಿಂದ ಬೇರೆಯಾಗಿ ತನ್ನದೇ ಪಂಚಾಯಿತಿ ಮಾಡಿಕೊಂಡಿತು. ಲಿನ್‌ಫರ್ಡಿನಲ್ಲಿ ಹಾಗಾಗಿಲ್ಲ: ಕಾನಿಬರೊ, ನೀತ್ ಹಿಲ್, ಗಿಫರ್ಡ್ ಪಾರ್ಕ್ ಇತ್ಯಾದಿಗಳೂ ಹಳೆಯ ಹೈಸ್ಟ್ರೀಟೂ ಒಂದೇ ಪಂಚಾಯಿತಿಯಲ್ಲಿವೆ.

1992ರ ನಂತರ

ಅಭಿವೃದ್ಧಿ ನಿಗಮವನ್ನು 1992ರ ಮಾರ್ಚ್ ಕೊನೆಗೆ ಮುಚ್ಚಲಾಯಿತು. ಉದ್ಯಾನ, ಕೆರೆ, ರಸ್ತೆಬದಿಯ ಮರಗಳ ಪಟ್ಟಿ ಇವು ಪಾರ್ಕ್ಸ್ ಟ್ರಸ್ಟ್ ಎಂಬ ಸ್ವತಂತ್ರ ಧರ್ಮದರ್ಶಿ ಸಂಸ್ಥೆಯ ವಶಕ್ಕೆ ಹೋದವು. ಅದರ ಖರ್ಚಿಗಾಗಿ ಸುಮಾರು 2 ಕೋಟಿ ಪೌಂಡಿನ ನಿಧಿಯನ್ನು ವಾಣಿಜ್ಯ ಕಟ್ಟಡಗಳ ಸಹಿತ ಕೊಟ್ಟರು. ಆ ಕಟ್ಟಡಗಳ ಬಾಡಿಗೆಯಿಂದ ಹುಲ್ಲು ಕತ್ತರಿಸುವ, ಮರ ನೋಡಿಕೊಳ್ಳುವ ಕೆಲಸ ನಡೆಯುತ್ತದೆ. ಪುರಸಭೆಯ ಬಜೆಟ್ಟಿಗೆ ಕತ್ತರಿ ಬಿದ್ದಾಗ ಬ್ರಿಟನ್ನಿನ ಬೇರೆ ನಗರಗಳ ಪಾರ್ಕುಗಳು ಸೊರಗಿದರೂ ಇಲ್ಲಿನವು ಸೊರಗದಿರುವುದಕ್ಕೆ ಈ ಏರ್ಪಾಡೇ ಕಾರಣ. ಲಿನ್‌ಫರ್ಡ್ ಬಂಗಲೆಯ ಉದ್ಯಾನವೂ ಟ್ರಸ್ಟಿನ ಸುಪರ್ದಿಯಲ್ಲಿದೆ. ಹೂಳು ತುಂಬಿದ್ದ ಕೊಳಗಳು, ಮರೆಯಾಗಿದ್ದ ದಾರಿಗಳು ಇತ್ತೀಚಿನ ವರ್ಷಗಳಲ್ಲಿ ಲಾಟರಿ ನಿಧಿಯ ನೆರವಿನಿಂದ ಮತ್ತೆ 18ನೆಯ ಶತಮಾನದ ರೂಪಕ್ಕೆ ಬಂದಿವೆ.

ಮಿಲ್ಟನ್ ಕೀನ್ಸ್ ಆಡಳಿತ ಪ್ರದೇಶದ ಜನಸಂಖ್ಯೆ 2021ರ ಜನಗಣತಿಯಲ್ಲಿ ಸುಮಾರು 2,87,000 ಇತ್ತು. 2022ರಲ್ಲಿ ಅದಕ್ಕೆ ಅಧಿಕೃತವಾಗಿ ನಗರದ ಸ್ಥಾನಮಾನ ಸಿಕ್ಕಿತು. ನಗರ ಈಗ ಪೂರ್ವಕ್ಕೂ ಪಶ್ಚಿಮಕ್ಕೂ ಹಳೆಯ ಗಡಿ ದಾಟಿ ಬೆಳೆಯುತ್ತಿದೆ. ನಿಗಮದ ಕಾಲದಂತೆ ಇಡೀ ಪ್ರದೇಶವನ್ನು ಒಂದೇ ಸಾರ್ವಜನಿಕ ಸಂಸ್ಥೆ ಮೊದಲೇ ಕೊಂಡು, ರಸ್ತೆಗೂ ಮರಗಳ ಪಟ್ಟಿಗೂ ಜಾಗ ಬಿಟ್ಟು, ಆಮೇಲೆ ಮನೆ ಕಟ್ಟುವ ಕ್ರಮ ಹೊಸ ಭಾಗಗಳಲ್ಲಿ ಸಡಿಲಗೊಂಡಿದೆ. ಕೆಲವೆಡೆ ಮರಗಳ ಪಟ್ಟಿಯೇ ಇಲ್ಲದೆ ಮನೆಗಳು ದೊಡ್ಡ ರಸ್ತೆಗೆ ಮುಖ ಮಾಡಿ ನಿಂತಿವೆ. ಮುಂದೆ ನಗರದೊಳಗೆ ಬರಲಿರುವ ಹಳ್ಳಿಗಳಿಗೆ ಲಿನ್‌ಫರ್ಡಿನ ಭಾಗ್ಯ ಸಿಗಬೇಕಾದರೆ ಯೋಜಕರು ಅಲ್ಲಿನ ಹುಲ್ಲು ಛಾವಣಿಗಿಂತ ಮೊದಲು ಅಲ್ಲಿನ ಭೂದಾಖಲೆಯನ್ನು ಓದಬೇಕು.